ಪಿತೃಪಕ್ಷದ ಚೆಂಡುಹೂವು

2006ರ ಅಕ್ಟೋಬರ್ ಏಳು, ಶನಿವಾರ. ಬೆಳಗ್ಗೆ ಹತ್ತೂ ನಲವತ್ತಕ್ಕೆ ಬಸವನಗುಡಿ ಕಡೆಯ ಪೊಲೀಸ್ ಠಾಣೆಯೊಂದಕ್ಕೆ ಆಸ್ಪತ್ರೆಯಿಂದ ಮೆಮೊ ಬಂತು. ಹೆಸರು ಮೈತ್ರೇಯಿ, ವಯಸ್ಸು ಮೂವತ್ತಾರು, ಹನುಮಂತನಗರದ ಖಾಸಗಿ ಶಾಲೆಯಲ್ಲಿ ಟೀಚರ್. ಹಿಂದಿನ ದಿನ ಸಂಜೆ ಮಾತ್ರೆ ನುಂಗಿ ಆತ್ಮಹತ್ಯೆಗೆ ಯತ್ನ. ಪ್ರಜ್ಞೆ ಬಂದಿಲ್ಲ.

ಇನ್ಸ್‌ಪೆಕ್ಟರ್ ಮಲ್ಲಿಕಾರ್ಜುನಯ್ಯ ಮೆಮೊ ಓದಿ ಪಕ್ಕಕ್ಕಿಡುವಷ್ಟರಲ್ಲಿ ಒಬ್ಬ ಮುದುಕಿ ಬಾಗಿಲು ದಾಟಿ ಒಳಗೆ ಬಂದರು. ಅರವತ್ತೆಂಟರ ವಯಸ್ಸು. ಹಿಂದಿನ ದಿನ ಉಟ್ಟ ಸೀರೆ, ಬಾಚದ ತಲೆ. ಕೈಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಎರಡು ಹಾಳೆ.

"ಇಲ್ಲಿ ದೊಡ್ಡೋರು ಯಾರಪ್ಪ?"

"ನಾನೇ ಅಮ್ಮ. ಕೂತ್ಕೊಳ್ಳಿ."

"ಕೂರಕ್ಕೆ ಬಂದಿಲ್ಲ. ಇದನ್ನ ತಗೊಳ್ಳಿ."

ಜಾನಕಮ್ಮ, ಆಸ್ಪತ್ರೆಯಲ್ಲಿದ್ದ ಮೈತ್ರೇಯಿಯ ಅತ್ತೆ. ಬರೆದದ್ದು ಇಷ್ಟು: ನನ್ನ ಸೊಸೆಯನ್ನು ಯಾರೋ ಕದ್ದು ಮೊಬೈಲಿನಲ್ಲಿ ಚಿತ್ರ ತೆಗೆದು ಊರಿಗೆಲ್ಲ ಹಂಚಿದ್ದಾರೆ. ಮೂರು ದಿನದಿಂದ ಅವಳು ಬೀದಿಗೆ ಇಳಿಯುವ ಹಾಗಿರಲಿಲ್ಲ. ನಿನ್ನೆ ಶಾಲೆಯವರು ಮನೆಗೆ ಕಳಿಸಿದರು. ಸಂಜೆ ದೀಪ ಹಚ್ಚಲು ಕರೆಯೋಣವೆಂದು ಕೋಣೆಗೆ ಹೋದರೆ ಹೀಗೆ ಬಿದ್ದಿದ್ದಳು. ಹಂಚಿದವರನ್ನು ಹಿಡಿಯಬೇಕು.

ಮಲ್ಲಿಕಾರ್ಜುನಯ್ಯ ಎರಡು ಸಲ ಓದಿದರು. ಹೇಳಲೇಬೇಕಾದ್ದನ್ನು ಹೇಳಿದರು.

"ಅಮ್ಮ, ಆಸ್ಪತ್ರೆ ಮೆಮೊ ಬಂದಿದೆ. ಕಾನೂನು ಪ್ರಕಾರ ಮೊದಲನೇ ಎಫ್‌ಐಆರ್ ನಿಮ್ಮ ಸೊಸೆ ಮೇಲೇ ಆಗುತ್ತೆ. ಆತ್ಮಹತ್ಯೆ ಪ್ರಯತ್ನ, ಐಪಿಸಿ 309."

"ಯಾರ ಮೇಲೆ?"

"ನಿಮ್ಮ ಸೊಸೆ ಮೇಲೆ."

"ಮೂಗಿಗೆ ನಳಿಕೆ ಹಾಕ್ಕೊಂಡು ಮಲಗಿರೋಳ ಮೇಲೆ?"

"ಹೌದು."

"ಹಂಚಿದೋನ ಮೇಲೆ?"

"ನಿಮ್ಮ ದೂರಿನ ಮೇಲೆ ಇನ್ನೊಂದು ಎಫ್‌ಐಆರ್ ಹಾಕ್ತೀನಿ. 509, ಹೆಣ್ಣಿನ ಮಾನಕ್ಕೆ ಧಕ್ಕೆ ತಂದಿದ್ದು. ಆದ್ರೆ ಆರೋಪಿ ಹೆಸರಿನ ಜಾಗದಲ್ಲಿ ಅಪರಿಚಿತ ಅಂತ ಬರೀಬೇಕು."

"ಅಂದ್ರೆ ಇವತ್ತಿಗೆ ನಿಮ್ಮ ಪುಸ್ತಕದಲ್ಲಿ ತಪ್ಪು ಮಾಡಿದೋಳು ಅವಳೊಬ್ಬಳೇ."

ಇನ್ಸ್‌ಪೆಕ್ಟರ್ ಆ ಹಾಳೆಗಳನ್ನು ಮೆಮೊ ಪಕ್ಕಕ್ಕಿಟ್ಟರು. ಕೇಳಬೇಕಾದ ಇನ್ನೊಂದು ಪ್ರಶ್ನೆ ಉಳಿದಿತ್ತು.

"ಆ ಚಿತ್ರದಲ್ಲಿರೋದು... ನಿಜವಾ ಅಮ್ಮ?"

ಜಾನಕಮ್ಮ ಆಗ ಕುರ್ಚಿ ಎಳೆದು ಕೂತರು. "ನಿಜ ಇರಬಹುದು. ನಿಜ ಆದ್ರೆ ಹಂಚಬಹುದು ಅಂತ ಇದೆಯಾ ನಿಮ್ಮ ಕಾನೂನಲ್ಲಿ? ಇದ್ರೆ ತೋರಿಸಿ, ಎದ್ದು ಹೋಗ್ತೀನಿ."

ಹಾಗೆಂದು ಎಲ್ಲೂ ಇರಲಿಲ್ಲ. ಹನ್ನೊಂದೂವರೆಗೆ ಎರಡೂ ಎಫ್‌ಐಆರ್ ಒಂದರ ಹಿಂದೆ ಒಂದು ದಾಖಲಾದವು. ಮೊದಲನೆಯದರಲ್ಲಿ ಆರೋಪಿಯ ಹೆಸರು, ವಯಸ್ಸು, ವಿಳಾಸ ಎಲ್ಲ ತುಂಬಿತ್ತು. ಎರಡನೆಯದರಲ್ಲಿ ಒಂದೇ ಪದ.

ಮುದುಕಿ ಹೋದ ಮೇಲೆ ಇನ್ಸ್‌ಪೆಕ್ಟರ್ ಹೊರಗಿನ ಕೋಣೆಗೆ ಬಂದರು. "ಆ ಕ್ಲಿಪ್ ಎಲ್ಲಿ ಸಿಗುತ್ತೆ?"

ಕೊನೆಗೆ ಒಬ್ಬ ಕಾನ್‌ಸ್ಟೆಬಲ್ ಜೇಬಿಗೆ ಕೈ ಹಾಕಿದ. ಆಮೇಲೆ ಇನ್ನೊಬ್ಬ. ಆಮೇಲೆ ರೈಟರ್. ಮೇಜಿನ ಮೇಲೆ ಮೂರು ಮೊಬೈಲು ಸಾಲಾಗಿ ಕೂತವು.

"ಯಾವಾಗಿಂದ?"

"ಗುರುವಾರದಿಂದ ಸಾರ್. ಎಲ್ಲರ ಹತ್ರಾನೂ ಇದೆ ಸಾರ್."

"ಆಯಮ್ಮ ಈಗ ನಿಮ್ಮೆದುರಿಗೇ ಹೋದ್ರಲ್ಲ, ಮುಖ ಎತ್ತಿ ನೋಡಿದ್ರೇನ್ರೋ?"

ಹೆಡ್ ಕಾನ್‌ಸ್ಟೆಬಲ್ ಮುನಿಲಕ್ಷ್ಮಮ್ಮ ಮಾತ್ರ ಏನನ್ನೂ ಮೇಜಿನ ಮೇಲಿಡಲಿಲ್ಲ. ಇಪ್ಪತ್ತೆರಡು ವರ್ಷದ ಸರ್ವಿಸಿನವರು; ಅವರ ಫೋನಿಗೆ ಕ್ಯಾಮೆರಾವೇ ಇರಲಿಲ್ಲ. ಒಂದು ಫೋನನ್ನು ಸಾಕ್ಷಿಗೆಂದು ಪಂಚರ ಮುಂದೆ ವಶಕ್ಕೆ ತೆಗೆದುಕೊಂಡು, ಉಳಿದೆರಡರಿಂದ ಕ್ಲಿಪ್ ಅಳಿಸಿದ್ದಾಯಿತು. ಅಳಿಸಿ ಬಂದ ಭಾಗ್ಯವೇನು? ಆ ಹೊತ್ತಿಗೆ ಗಾಂಧಿಬಜಾರಿನ ಹೂವಿನವನಿಂದ ಕಾಲೇಜು ಹುಡುಗರವರೆಗೆ ಅದು ಇಲ್ಲದ ಜೇಬಿರಲಿಲ್ಲ.

ಐವತ್ತೆರಡು ಸೆಕೆಂಡು. ಮರದ ಸರಳಿನ ಕಿಟಕಿಯಾಚೆಯಿಂದ ತೆಗೆದದ್ದು. ಒಂದು ಹೆಂಗಸು ಸ್ಟೂಲಿನ ಮೇಲೆ ಕೂತಿದ್ದಾಳೆ. ಕ್ಯಾಮೆರಾಕ್ಕೆ ಬೆನ್ನು ಹಾಕಿದ ಗಂಡಸು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಡುತ್ತಾನೆ. ಅವಳು ನಗುತ್ತಾಳೆ. ಅವನ ಭುಜಕ್ಕೆ ತಲೆ ಇಡುತ್ತಾಳೆ. ಅವರ ಹಿಂದೆ ಯಾವುದೋ ಯಂತ್ರದ ಕಪ್ಪು ಚಕ್ರ. ಅಷ್ಟೇ. ಇಷ್ಟನ್ನು ನೋಡಿ ಊರು ನಾಲಿಗೆ ಚಪ್ಪರಿಸಿತ್ತು. ಗಂಡಸಿನ ಮುಖ ಎಲ್ಲೂ ಕಾಣುವುದಿಲ್ಲ. ಎಲ್ಲರೂ ಅದಕ್ಕೆ ಇಟ್ಟ ಹೆಸರು 'ಟೀಚರ್ ಕ್ಲಿಪ್'. ಗಂಡಸಿನ ಕಸುಬಿನ ಹೆಸರು ಹಿಡಿದು ಯಾರೂ ಕರೆಯಲಿಲ್ಲ.

ಫೋನು ತಾನಾಗಿ ಕೊಟ್ಟ ಫೈಲಿನ ಹೆಸರು ಹಾಗೇ ಉಳಿದಿತ್ತು: ಸೆಪ್ಟೆಂಬರ್ 17, ಮಧ್ಯಾಹ್ನ ಮೂರೂ ಹತ್ತು. ಅದು ಭಾನುವಾರ.

ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಗಂಡ ರಾಘವನನ್ನು ವಿಚಾರಿಸಿದರು. ನಲವತ್ತೆರಡು ವರ್ಷ, ವಿಮಾ ಕಂಪನಿಯೊಂದರ ಕ್ಲೇಮು ವಿಭಾಗದಲ್ಲಿ ಗುಮಾಸ್ತ. ಕೈಯಲ್ಲಿ ಹಳೆಯ ಕಪ್ಪುಬಿಳುಪು ಫೋನು. ಕಣ್ಣು ಕೆಂಪಾಗಿತ್ತು.

"ಕ್ಲಿಪ್ ನೋಡಿದ್ರಾ?"

"ಆಫೀಸಲ್ಲಿ ತೋರಿಸಿದ್ರು ಸಾರ್."

"ಹೆಂಡತೀನ ಕೇಳಿದ್ರಾ?"

"ಇಲ್ಲ ಸಾರ್."

"ಸೆಪ್ಟೆಂಬರ್ ಹದಿನೇಳು ಎಲ್ಲಿದ್ರಿ?"

"ಮೈಸೂರಲ್ಲಿ. ಸೋದರಮಾವನ ಮನೇಲಿ ಪಕ್ಷ ಇತ್ತು. ಮಾರನೇ ದಿನದಿಂದ ಅಲ್ಲೇ ಆಫೀಸಿನ ಟ್ರೇನಿಂಗು. ಬುಧವಾರ ವಾಪಸ್ ಬಂದೆ."

"ಆ ಗಂಡಸು ಯಾರು ಅಂತ ಬೀದಿಯೆಲ್ಲ ಹೇಳ್ತಿದೆ. ಚಾಮರಾಜಪೇಟೆ ಬುಕ್ ಬೈಂಡಿಂಗ್‌ನ ಪ್ರಭುದೇವ. ಅವನ ಮೇಲೆ 497, ವ್ಯಭಿಚಾರದ ಕೇಸು, ಹಾಕಬಹುದು. ಗಂಡ ಒಬ್ಬನೇ ಕೊಡಕ್ಕಾಗೋ ದೂರು ಅದು."

"ಬೇಡ ಸಾರ್."

"ಯಾಕೆ?"

"ಕೋರ್ಟಲ್ಲಿ ನಿಂತು ನಾನೇ ಹೇಳಬೇಕಾಗುತ್ತಲ್ಲ."

ಮೈಸೂರಿಗೆ ಫೋನು ಹೋಯಿತು. ಸೋದರಮಾವ, ಪುರೋಹಿತರು, ಊಟಕ್ಕೆ ಕೂತಿದ್ದ ನೆಂಟರು, ಎಲ್ಲರೂ ಒಂದೇ ಮಾತು. ಅವತ್ತು ಮೂರು ಗಂಟೆಗೆ ರಾಘವ ಬಾಳೆಲೆ ಮುಂದೆ ಕೂತಿದ್ದ. ಮಲ್ಲಿಕಾರ್ಜುನಯ್ಯ ಅವನ ಹೆಸರಿನ ಮೇಲೆ ಗೆರೆ ಎಳೆದರು.

ಸಂಜೆ ಐದಕ್ಕೆ ಚಾಮರಾಜಪೇಟೆ. ಪ್ರಭುದೇವನ ಬೈಂಡಿಂಗ್ ಕಾರ್ಖಾನೆಗೆ ಬೀಗ. ಹಿಂದಿನ ಮನೆಯ ಜಗಲಿಯಲ್ಲಿ ಅವನೇ ಕೂತಿದ್ದ. ಮೂವತ್ತೊಂಬತ್ತು ವರ್ಷ, ಗಟ್ಟಿ ಆಳು, ಬೆರಳ ಸಂದಿನಲ್ಲಿ ಒಣಗಿದ ಮೈದಾ ಅಂಟು.

"ಮೈತ್ರೇಯಿ ಗೊತ್ತಾ?"

"ಸ್ಕೂಲಿನ ರಿಜಿಸ್ಟರ್ ಬೈಂಡಿಗೆ ಬರ್ತಿದ್ರು. ಅಷ್ಟೇ."

"ಕ್ಲಿಪ್‌ನಲ್ಲಿರೋದು?"

"ನಾನಲ್ಲ ಸಾರ್. ಮುಖ ಎಲ್ಲಿದೆ ತೋರಿಸಿ. ಎಲ್ಲಾ ಗಂಡಸರ ಬೆನ್ನೂ ಒಂದೇ ಥರ ಇರುತ್ತೆ."

"ಆಯಮ್ಮ ಸಾಯಕ್ಕೆ ಹೋಗಿದ್ರು. ಗೊತ್ತಾ?"

ಪ್ರಭುದೇವ ಬೆರಳಿನ ಅಂಟು ಕೆರೆಯುತ್ತ ಕೂತ. "ಕೇಳಿದೆ ಸಾರ್. ಪಾಪ."

ಜೀಪಿಗೆ ಹತ್ತುವಾಗ ಮುನಿಲಕ್ಷ್ಮಮ್ಮ ರಸ್ತೆಗೆ ಉಗುಳಿದರು. "ಪಾಪ ಅಂತೆ ಸಾರ್, ಪಾಪ. ಇವನ ಬೆನ್ನಿಗೆ ಇರೋ ಅದೃಷ್ಟ ಅವಳ ಮುಖಕ್ಕಿಲ್ಲ."

ಭಾನುವಾರ ಮತ್ತು ಸೋಮವಾರ ಒಂದೇ ಕೆಲಸ: ನಿನಗೆ ಯಾರು ಕೊಟ್ಟರು, ಅವರಿಗೆ ಯಾರು ಕೊಟ್ಟರು ಎಂದು ಹಿಂದಕ್ಕೆ ನಡೆಯುವುದು. ಆಗ ಕ್ಲಿಪ್ಪು ಹರಿಯುತ್ತಿದ್ದದ್ದು ಬ್ಲೂಟೂತಿನಲ್ಲಿ. ಕೊಡುವವನೂ ತಗೊಳ್ಳುವವನೂ ಹತ್ತಾರು ಅಡಿಯೊಳಗೇ ಇರಬೇಕು. ಹಾಗಾಗಿ ಪ್ರತಿಯೊಬ್ಬರಿಗೂ ಕೊಟ್ಟವರ ನೆನಪಿತ್ತು. ಪ್ರತಿಯೊಬ್ಬರೂ ಅದೇ ಪಲ್ಲವಿ ಹಾಡಿದರು: ಬಂತು ಸಾರ್, ನೋಡಿದೆ, ಅಷ್ಟೇ. ಶಾಲೆಯ ಆಫೀಸಿನ ಚೂಡಾಮಣಿ, ಮೈತ್ರೇಯಿಯ ಜೊತೆ ಹತ್ತು ವರ್ಷ ಡಬ್ಬಿ ಹಂಚಿಕೊಂಡು ಉಂಡವಳು, "ಹೆಡ್‌ಮಿಸ್‌ಗೆ ಗೊತ್ತಿರ್ಲಿ ಅಂತ ತೋರಿಸಿದೆ, ಕೆಟ್ಟ ಉದ್ದೇಶ ಇರಲಿಲ್ಲ" ಎಂದಳು. ಅವಳಿಗೆ ಕೊಟ್ಟದ್ದು ಆಟೋ ಓಡಿಸುವ ಮುನಿಸ್ವಾಮಿ.

"ಎಷ್ಟು ಜನಕ್ಕೆ ಕಳಿಸ್ದೆ?"

"ಜಾಸ್ತಿ ಇಲ್ಲ ಸಾರ್. ನಮ್ಮ ಸ್ಟ್ಯಾಂಡಿನೋರಿಗೆ ಮಾತ್ರ."

"ಸ್ಟ್ಯಾಂಡಲ್ಲಿ ಎಷ್ಟು ಗಾಡಿ?"

"ಹದಿನಾಲ್ಕು."

"ಆ ಟೀಚರ್ ಯಾರು ಅಂತ ಗೊತ್ತಿತ್ತಾ?"

ಮುನಿಸ್ವಾಮಿ ಖಾಕಿ ಅಂಗಿಯ ಗುಂಡಿ ತಿರುವಿದ. "ನನ್ನ ಮಗಳಿಗೆ ಮೂರನೇ ಕ್ಲಾಸಲ್ಲಿ ಪಾಠ ಹೇಳಿದೋರು ಸಾರ್."

"ಮಗಳು ಹೇಗೆ ಓದ್ತಾಳೆ?"

"ಚೆನ್ನಾಗಿ ಓದ್ತಾಳೆ ಸಾರ್. ಅವರು ಮನೇಗೆ ಕರೆದು ಲೆಕ್ಕ ಹೇಳ್ಕೊಟ್ಟಿದ್ರು, ಫೀಸ್ ತಗೊಳ್ದೆ."

"ಅದನ್ನ ಯಾರಿಗಾದ್ರೂ ಕಳಿಸಿದ್ಯೇನೋ, ಹದಿನಾಲ್ಕು ಗಾಡಿಗೆ?"

"ನಿನಗೆ ಎಲ್ಲಿ ಸಿಕ್ತು?" ಎಂಬುದಕ್ಕೆ ಮಾತ್ರ ಮುನಿಸ್ವಾಮಿ ಬಾಯಿಬಿಟ್ಟ. ಅಕ್ಟೋಬರ್ ನಾಲ್ಕು, ಬುಧವಾರ, ಬೆಳಗ್ಗೆ ಏಳೂವರೆ, ಗಾಂಧಿಬಜಾರಿನ ಹತ್ತಿರದ ದರ್ಶಿನಿ ಹೋಟೆಲು. ಕಾಫಿ ಹಿಡಿದು ನಿಂತಿದ್ದಾಗ ಫೋನು ಕಿಣಿಗುಟ್ಟಿತು. 'ಗೆಸ್ಟ್' ಎಂಬ ಹೆಸರಿನಿಂದ ಏನೋ ಬರುತ್ತಿದೆ, ತಗೊಳ್ಳಲೇ ಎಂದಿತು. ತಗೊಂಡ.

ಸೋಮವಾರ ಸಂಜೆಯೊಳಗೆ, ಹೀಗೆ ಹಿಡಿದು ಹೊರಟ ಐದು ಸರಪಳಿಗಳೂ ಹಿಂದಕ್ಕೆ ಹೋಗಿ ಅದೇ ದರ್ಶಿನಿಯಲ್ಲಿ ನಿಂತವು. ಅದೇ ದಿನ, ಅದೇ ಹೊತ್ತು, ಅದೇ 'ಗೆಸ್ಟ್'. ಯಾರೋ ಬಂದು ನಿಂತು, ಸುತ್ತ ಸಿಕ್ಕ ಫೋನಿಗೆಲ್ಲ ಕಳಿಸಿ, ಕಾಫಿ ಕುಡಿದು ಹೋಗಿದ್ದರು.

ದರ್ಶಿನಿಯ ಗಲ್ಲಾಪೆಟ್ಟಿಗೆ ಮುಂದೆ ಕೂರುವ ಶೀನಣ್ಣ ಹೇಳಿದರು: "ಜ್ಞಾಪಕ ಇದೆ ಸ್ವಾಮಿ. ಟೇಬಲ್ಲು ಟೇಬಲ್ಲಲ್ಲೂ ಫೋನು ಕೂಗ್ತು. ಏನ್ರಪ್ಪಾ, ಎಲ್ಲರ ಮಾವನೂ ಒಟ್ಟಿಗೇ ಫೋನ್ ಮಾಡಿದ್ನಾ ಅಂತ ತಮಾಷೆ ಮಾಡಿದೆ. ಆಮೇಲೆ ನಗು. ಏನು ನಗು ಅಂತೀರಿ! ನನಗೂ ತೋರಿಸಕ್ಕೆ ಬಂದ್ರು, ಬೇಡ ಅಂದೆ."

"ಬೇಡ ಅಂದ್ರಿ. ನಿಲ್ಲಿಸಿ ಅನ್ಲಿಲ್ಲ."

ಶೀನಣ್ಣ ಟೋಕನ್ನು ಜೋಡಿಸತೊಡಗಿದರು. ಆ ಹೊತ್ತಿಗೆ ದಿನಾ ಬರುವವರ ಹೆಸರು ಕೇಳಿದಾಗ ಹನ್ನೊಂದು ಹೇಳಿದರು. ಏಳನೆಯ ಹೆಸರು ರಾಘವ. ವಾಕಿಂಗ್ ಮುಗಿಸಿ ಬಂದು ಮೂಲೆಯಲ್ಲಿ ನಿಂತು ಒಂದು ಕಾಫಿ ಕುಡಿದು ಹೋಗುವವರು, ಯಾರ ತಂಟೆಗೂ ಇಲ್ಲ ಎಂದರು. ಇನ್ಸ್‌ಪೆಕ್ಟರ್ ಬರೆದುಕೊಂಡರು. ಚಿತ್ರ ತೆಗೆದ ದಿನ ಮೈಸೂರಿನಲ್ಲಿದ್ದವನು, ಇಲ್ಲಿ ಕಾಫಿ ಕುಡಿದರೇನು ಬಿಟ್ಟರೇನು?

ಮಂಗಳವಾರ ಬೆಳಗ್ಗೆ ಮೈತ್ರೇಯಿಗೆ ಮಾತಾಡುವಷ್ಟು ಚೇತರಿಕೆ ಆಯಿತೆಂದು ಆಸ್ಪತ್ರೆಯವರು ತಿಳಿಸಿದರು. ಮುನಿಲಕ್ಷ್ಮಮ್ಮನನ್ನು ಜೊತೆಗೆ ಕರೆದುಕೊಂಡು ಇನ್ಸ್‌ಪೆಕ್ಟರ್ ಹೋದರು. ಜಾನಕಮ್ಮ ಮಂಚದ ಪಕ್ಕದಲ್ಲಿ ಗಂಜಿ ಆರಿಸುತ್ತಿದ್ದರು.

"ಅದು ಯಾವತ್ತು, ಎಲ್ಲಿ ಅಂತ ಹೇಳಿದ್ರೆ ತೆಗೆದೋರನ್ನ ಹಿಡೀಬಹುದು ಅಮ್ಮ."

ಮೈತ್ರೇಯಿಯ ಗಂಟಲು ಇನ್ನೂ ಒಡೆದಿತ್ತು. "ನೀವೂ ನೋಡಿದ್ರಾ?"

ಮಲ್ಲಿಕಾರ್ಜುನಯ್ಯ ತನಿಖೆಗೆಂದು ಅದನ್ನು ಹನ್ನೊಂದು ಸಲ ನೋಡಿದ್ದರು. "ಕೇಸಿಗೋಸ್ಕರ" ಎಂದರು.

"ಎಲ್ಲರೂ ಏನೋ ಒಂದಕ್ಕೋಸ್ಕರ ನೋಡಿದ್ದಾರೆ" ಎಂದು ಅವಳು ಗೋಡೆ ಕಡೆ ತಿರುಗಿಕೊಂಡಳು.

ಠಾಣೆಗೆ ವಾಪಸಾಗಿ ಮಧ್ಯಾಹ್ನ ಹನ್ನೆರಡಕ್ಕೆ, ಮುನಿಲಕ್ಷ್ಮಮ್ಮ ತಾವಾಗಿ ಕೇಳಿದರು. "ನಾನೊಂದು ಸಲ ನೋಡ್ತೀನಿ ಸಾರ್. ಇಷ್ಟು ದಿನ ಮನಸ್ಸು ಬರಲಿಲ್ಲ."

ನೋಡಿದರು. ಮೂವತ್ತೆಂಟನೇ ಸೆಕೆಂಡಿಗೆ ತೆಗೆಯುವವನ ಕೈ ಅಲುಗಿ ಕ್ಯಾಮೆರಾ ಕೆಳಕ್ಕೆ ಜಾರಿ ಮತ್ತೆ ಮೇಲೇಳುತ್ತದೆ.

"ಇಲ್ಲಿ ನಿಲ್ಲಿಸಿ ಸಾರ್. ಚಕ್ರದ ಕೆಳಗೆ ಹಳದಿ ಇದೆಯಲ್ಲ, ಅದೇನು ಅಂತ ಬರೆದಿದ್ದೀರಿ?"

"ಒರೆಸೋ ಬಟ್ಟೆ."

"ಬಟ್ಟೆ ಅಲ್ಲ, ಚೆಂಡುಹೂವಿನ ಹಾರ. ಪಕ್ಕದಲ್ಲಿ ನೆಲದ ಮೇಲೆ ದುಂಡಗೆ ಇರೋದು ನಿಂಬೆಹಣ್ಣು. ಸಾರ್, ಹದಿನೇಳನೇ ತಾರೀಖು ಪಿತೃಪಕ್ಷ. ಪಕ್ಷದಲ್ಲಿ ಯಾರಾದ್ರೂ ಮಿಷನ್ನಿಗೆ ಹಾರ ಹಾಕ್ತಾರಾ? ಹೊಸ ಬಟ್ಟೆ ಕೊಳ್ಳಲ್ಲ, ಮನೆ ನೋಡಕ್ಕೆ ಹೋಗಲ್ಲ ಜನ. ಇದು ಆಯುಧಪೂಜೆ ಸಾರ್. ಅಕ್ಟೋಬರ್ ಒಂದು."

ಇನ್ಸ್‌ಪೆಕ್ಟರ್ ಎದ್ದು ನಿಂತರು.

ಒಂದೂವರೆಗೆ ಮತ್ತೆ ಚಾಮರಾಜಪೇಟೆ. ಈ ಸಲ ಪ್ರಭುದೇವನನ್ನು ಕೇಳಲಿಲ್ಲ. ಅವನ ಹೆಂಡತಿ ಸರ್ವಮಂಗಳಾಗೆ ಆ ಒಂದು ಚೌಕಟ್ಟನ್ನು ಮಾತ್ರ, ಚಕ್ರ ಮತ್ತು ಹಾರ ಕಾಣುವಷ್ಟನ್ನು, ಕಾಗದದ ಮೇಲೆ ಅಚ್ಚು ಹಾಕಿಸಿ ತೋರಿಸಿದರು.

"ಇದು ನಮ್ಮ ಕಟಿಂಗ್ ಮಿಷನ್" ಎಂದಳು ಅವಳು, ಗಂಡನ ಕಡೆ ನೋಡದೆ. "ಹಾರ ಕಟ್ಟಿದ್ದು ನಾನು. ವರ್ಷಕ್ಕೆ ಒಂದೇ ಸಲ ಕಟ್ಟೋದು. ಪೂಜೆ ಮುಗಿಸಿ, ಆಳುಗಳಿಗೆ ಬೂಂದಿ ಕೊಟ್ಟು ಕಳಿಸಿ, ನಾನು ತವರಿಗೆ ಹೋದೆ. ಮಧ್ಯಾಹ್ನ ಇಲ್ಲಿ ಇವರೊಬ್ಬರೇ ಇದ್ರು."

"ಸುಮ್ನಿರೇ" ಎಂದ ಪ್ರಭುದೇವ.

"ಇಷ್ಟು ದಿನ ಸುಮ್ನೇ ಇದ್ದೆನಲ್ಲ. ಬೀದಿಯೋರೆಲ್ಲ ಅವಳನ್ನ ಬೈತಿದ್ದಾರೆ, ನನ್ನೆದುರಿಗೆ. ನಾನು ಬೈಬೇಕಾದ್ದು ಅವಳನ್ನೂ ಹೌದು, ನಿಮ್ಮನ್ನೂ ಹೌದು. ಅದು ನನ್ನ ಹಕ್ಕು. ಈ ಊರಿಗೆ ಯಾರು ಕೊಟ್ರು ಅದನ್ನ?"

ಪಕ್ಕದ ಓಣಿಗೆ ತೆರೆಯುವ ಕಿಟಕಿ, ಮರದ ಸರಳು, ಚಕ್ರದ ಅಳತೆ ಎಲ್ಲ ಸೇರಿಸಿ ಸ್ಥಳ ಪಂಚನಾಮೆ ಮಾಡಿದರು. ಮುಗಿದಾಗ ಮೂರು ಗಂಟೆ.

ಜೀಪಿನಲ್ಲಿ ಇನ್ಸ್‌ಪೆಕ್ಟರ್ ತಮ್ಮಷ್ಟಕ್ಕೆ ತಾವು ಲೆಕ್ಕ ಹಾಕಿದರು. ಫೋನಿನ ತಾರೀಖು ಕೆಟ್ಟರೆ ಯಾವುದೋ ವರ್ಷದ ಜನವರಿ ಒಂದಕ್ಕೆ ಹೋಗಿ ಕೂರುತ್ತದೆ. ಇದು ಹದಿನಾಲ್ಕೇ ದಿನ ಹಿಂದಕ್ಕೆ ಹೋಗಿದೆ, ಭಾನುವಾರದಿಂದ ಭಾನುವಾರಕ್ಕೆ. ಯಾರೋ ಕೂತು ಬದಲಾಯಿಸಿದ್ದಾರೆ. ಆ ಒಂದು ಭಾನುವಾರ ಯಾರಿಗೆ ಬೇಕಾಗಿತ್ತು? ಅವತ್ತು ಪುರೋಹಿತರ ಸಮೇತ ಹತ್ತು ಜನ ಸಾಕ್ಷಿ ಇಟ್ಟುಕೊಂಡು ಊರಾಚೆ ಇದ್ದವನಿಗೆ. ದಿನವಿಡೀ ಕ್ಲೇಮಿನ ಫೈಲಿನಲ್ಲಿ ತಾರೀಖು ನೋಡುವವನಿಗೆ. ಪಕ್ಷದ ಎಲೆ ಮುಂದೆ ಕೂತು ಎದ್ದವನಿಗೆ, ಅದು ಪಕ್ಷದ ದಿನ ಎಂಬುದೇ ಮರೆತುಹೋಗಿತ್ತು.

ಅಕ್ಟೋಬರ್ ಹನ್ನೊಂದು, ಬುಧವಾರ, ಬೆಳಗ್ಗೆ ಹತ್ತು. ರಾಘವ ಆಫೀಸಿಗೆ ಹೋಗಿದ್ದ. ಮನೆಯಲ್ಲಿ ಜಾನಕಮ್ಮ ಆಸ್ಪತ್ರೆಗೆ ಕೊಂಡೊಯ್ಯಲು ಬುತ್ತಿ ಕಟ್ಟುತ್ತಿದ್ದರು.

"ಅಮ್ಮ, ಆಯುಧಪೂಜೆ ದಿನ ನಿಮ್ಮ ಮಗ ಎಲ್ಲಿದ್ರು?" ಎಂದರು ಇನ್ಸ್‌ಪೆಕ್ಟರ್.

ಜಾನಕಮ್ಮನ ಕೈ ಬುತ್ತಿಯ ಮೇಲೇ ನಿಂತಿತು. ಪ್ರಶ್ನೆಯ ಹಿಂದಿರುವುದನ್ನು ತಿಳಿಯಲು ಅವರಿಗೆ ತಡವಾಗಲಿಲ್ಲ. ಮುನಿಲಕ್ಷ್ಮಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ಕಾದರು. ಮನೆಯಲ್ಲೇ ಇದ್ದ ಎಂದು ತಾಯಿ ಒಂದು ಮಾತು ಹೇಳಿದ್ದರೆ ಅಲ್ಲಿಗೆ ಕತೆ ಮುಗಿಯುತ್ತಿತ್ತು.

"ಸ್ಕೂಟರಿಗೆ ಪೂಜೆ ಮಾಡಬೇಕು ಅಂತ ಅರಿಶಿನ ಕುಂಕುಮ ಕಲಸಿಟ್ಟುಕೊಂಡು ಕಾದೆ" ಎಂದರು ಕೊನೆಗೆ. "ಎರಡು ಗಂಟೆಗೆ ಮೈತ್ರೇಯಿ ಯಾರದೋ ಮನೆ ಗೊಂಬೆ ನೋಡ್ತೀನಿ ಅಂತ ಹೋದಳು. ಹಿಂದೆಯೇ ಇವನು ಸ್ಕೂಟರ್ ತೆಗೆದ. ಪೂಜೆ ಆಗದೆ ಗಾಡಿ ತೆಗೀಬೇಡವೋ ಅಂದೆ. ಕೇಳಲಿಲ್ಲ. ವಾಪಸ್ ಬಂದಾಗ ಐದಾಗಿತ್ತು. ಮುಖ ನೋಡಿ, ಎಲ್ಲೋ ಬಿದ್ದು ಬಂದ್ಯೇನೋ ಅಂತ ಕೇಳಿದೆ."

"ಅವರ ಹತ್ರ ಬೇರೆ ಫೋನ್ ಇದೆಯಾ?"

"ನಾನು ನೋಡಿಲ್ಲ."

ಮುನಿಲಕ್ಷ್ಮಮ್ಮ ಬಾಯಿ ಹಾಕಿದರು. "ಅಮ್ಮ, ಈ ಮನೇಲಿ ಯಾರೂ ಕೈ ಹಾಕದೇ ಇರೋ ಜಾಗ ಯಾವುದು?"

ಜಾನಕಮ್ಮ ನಿಧಾನವಾಗಿ ತಲೆ ಎತ್ತಿ ಅಟ್ಟ ನೋಡಿದರು. ದಸರೆ ಗೊಂಬೆಗಳ ಟ್ರಂಕು ಅಲ್ಲಿತ್ತು. ಒಮ್ಮೆ ಹತ್ತಿಸಿದರೆ ಮುಂದಿನ ದಸರೆಗೇ ಇಳಿಸುವುದು. ಪ್ರತಿ ವರ್ಷ ಹತ್ತು ಸಲ ಕೂಗಿದರೂ ಮುಟ್ಟದ ಮಗ, ಈ ವರ್ಷ ಹಿಂದಿನ ಬುಧವಾರ ಸಂಜೆ ತಾನಾಗಿ ಮುಂದೆ ಬಂದು ಹತ್ತಿಸಿದ್ದ.

ಎದುರುಮನೆಯ ಶೈಲಜಮ್ಮ ಮತ್ತು ಮೂಲೆಯಂಗಡಿಯವರನ್ನು ಪಂಚರಾಗಿ ಕರೆದರು. ಶೈಲಜಮ್ಮ ಒಳಗೆ ಬರುತ್ತಲೇ ಕಣ್ಣು ಎಲ್ಲ ಕಡೆ ಆಡಿಸಿದರು. "ಅಯ್ಯೋ ಜಾನಕಮ್ಮ, ಏನು ಗ್ರಹಚಾರ ನೋಡಿ. ನಾವಂತೂ ಯಾರಿಗೂ ಹೇಳಿಲ್ಲಪ್ಪ."

"ನೀವು ಹೇಳೋದು ಏನುಳಿದಿತ್ತು, ಬರೀ ತೋರಿಸಿದ್ರಿ" ಎಂದರು ಜಾನಕಮ್ಮ. "ಬನ್ನಿ, ಇದನ್ನೂ ನೋಡಿ."

ಟ್ರಂಕು ಇಳಿಯಿತು. ಕಾಗದ ಸುತ್ತಿದ ಗೊಂಬೆಗಳನ್ನು ಜಾನಕಮ್ಮನೇ ಒಂದೊಂದಾಗಿ ಬಿಚ್ಚಿ ಚಾಪೆಯ ಮೇಲಿಟ್ಟರು. ತಳದಲ್ಲಿ, ಶೆಟ್ಟಿ ಗೊಂಬೆಯ ಕೆಳಗೆ, ಕರ್ಚೀಫಿನಲ್ಲಿ ಸುತ್ತಿದ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಫೋನು. ಆನ್ ಮಾಡಿದಾಗ ಬ್ಲೂಟೂತ್ ಹೆಸರು 'ಗೆಸ್ಟ್' ಎಂದಿತ್ತು. ಕ್ಲಿಪ್ ಒಳಗೇ ಇತ್ತು. ಹನ್ನೊಂದೂ ಇಪ್ಪತ್ತಕ್ಕೆ ಪಂಚನಾಮೆಗೆ ಸಹಿ ಬಿತ್ತು. ಹನ್ನೆರಡೂವರೆಗೆ ಆಫೀಸಿನ ಮೇಜಿನಿಂದ ರಾಘವನನ್ನು ಬಂಧಿಸಿದರು.

ಸುದ್ದಿ ಅವರಿಗಿಂತ ಮೊದಲೇ ಠಾಣೆ ಮುಟ್ಟಿತ್ತು. ಗೇಟಿನಲ್ಲಿ ಟೀವಿಯವರ ಎರಡು ಕ್ಯಾಮೆರಾ. ಜೀಪಿನಲ್ಲಿದ್ದ ಕಾನ್‌ಸ್ಟೆಬಲ್, ಮೊದಲ ದಿನ ಜೇಬಿನಿಂದ ಫೋನು ತೆಗೆದವನೇ, ಹುರುಪಾದ. "ಮುಂದಿನ ಬಾಗಿಲಿಂದಲೇ ನಡೆಸಿಕೊಂಡು ಹೋಗೋಣ ಸಾರ್. ಇವನ ಮುಖಾನೂ ಊರು ನೋಡ್ಲಿ."

ರಾಘವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಸಾರ್, ಒಂದು ಟವೆಲ್ ಇದ್ರೆ ಕೊಡಿ ಸಾರ್. ದಮ್ಮಯ್ಯ ಸಾರ್. ಆಫೀಸಿನೋರೆಲ್ಲ ಟೀವಿ ನೋಡ್ತಾರೆ."

ಮಲ್ಲಿಕಾರ್ಜುನಯ್ಯನ ಕೈ ಅವನ ರಟ್ಟೆಯ ಮೇಲಿತ್ತು. ಎಳೆದು ಇಳಿಸಿ, ಕೂದಲು ಹಿಡಿದು ಮುಖ ಎತ್ತಿ ನಿಲ್ಲಿಸಿಬಿಡಬೇಕು ಅನ್ನಿಸಿತು. ಅನ್ನಿಸಿದ್ದು ಬಲವಾಗಿಯೇ ಅನ್ನಿಸಿತು. ಆದರೂ ಡ್ರೈವರಿಗೆ ಹೇಳಿದರು: "ಹಿಂದಿನ ಗೇಟಿಗೆ ಹೋಗಯ್ಯ."

"ಯಾಕೆ ಸಾರ್?"

"ಇವನ ಮುಖ ಹಾಕಿದ್ರೆ ಪಕ್ಕದಲ್ಲಿ ಅವಳ ಮುಖಾನೂ ಹಾಕ್ತಾರೆ. ಇನ್ನೂ ನೋಡದೇ ಇರೋರು ಹುಡುಕಿ ನೋಡ್ತಾರೆ. ನಿನಗೆ ಇನ್ನೊಂದ್ಸಲ ಬೇಕಾ ಅದು?"

ಜೀಪು ಹಿಂದಿನ ಗೇಟಿಗೆ ತಿರುಗಿತು.

ಆತ್ಮಹತ್ಯೆ ಯತ್ನಕ್ಕೆ ಒಂದು ವರ್ಷದವರೆಗೆ ಸಜೆ. ಹೆಣ್ಣಿನ ಮಾನ ಕಳೆದದ್ದಕ್ಕೂ ಒಂದು ವರ್ಷದವರೆಗೆ ಸಜೆ. ಎರಡಕ್ಕೂ ಠಾಣೆಯಲ್ಲೇ ಜಾಮೀನು. ಕಾನೂನು ತೂಗಿದ್ದು ಹಾಗೆ. ಮಧ್ಯಾಹ್ನ ನಾಲ್ಕಕ್ಕೆ ಜಾನಕಮ್ಮ ಠಾಣೆಗೆ ಬಂದಾಗ ಮೇಜಿನ ಮೇಲೆ ಎರಡು ಜಾಮೀನು ಕಾಗದ ಅಕ್ಕಪಕ್ಕ ಇದ್ದವು. ಬೆಂಚಿನ ಮೇಲಿದ್ದ ರಾಘವ ಎದ್ದು ನಿಂತ.

"ಅಮ್ಮ."

ಅವರು ಆ ಕಡೆ ತಿರುಗಲಿಲ್ಲ. "ಇದ್ರಲ್ಲಿ ನನ್ನ ಸೊಸೇದು ಯಾವುದಪ್ಪ?"

ಇನ್ಸ್‌ಪೆಕ್ಟರ್ ತೋರಿಸಿದರು. ಜಾನಕಮ್ಮ ಕನ್ನಡಕ ಸರಿಮಾಡಿಕೊಂಡು, ಪೂರ್ತಿ ಓದಿ, ಸಹಿ ಹಾಕಿದರು.

"ಇದಕ್ಕೆ?" ಎಂದರು ಇನ್ಸ್‌ಪೆಕ್ಟರ್, ಇನ್ನೊಂದರ ಮೇಲೆ ಬೆರಳಿಟ್ಟು.

"ಅದಕ್ಕೆ ಅವನ ಸ್ನೇಹಿತರು ಯಾರಾದ್ರೂ ಬರ್ತಾರೆ. ಊರೆಲ್ಲ ಅವನ ಕಡೆಗೇ ಇದೆಯಲ್ಲ."

"ಅಮ್ಮ, ತಪ್ಪು ಮಾಡಿದ್ದು ಅವಳು!" ರಾಘವನ ದನಿ ಒಡೆಯಿತು.

"ಮಾಡಿದ್ದಾಳೆ. ಅವಳನ್ನ ಕೇಳಬೇಕಾದ್ದು ನನಗೂ ಬೇಕಾದಷ್ಟಿದೆ. ಮೊದಲು ಎದ್ದು ಕೂತು ಊಟ ಮಾಡ್ಲಿ, ಆಮೇಲೆ ಕೇಳ್ತೀನಿ." ಬಾಗಿಲವರೆಗೆ ಹೋಗಿ ಮುನಿಲಕ್ಷ್ಮಮ್ಮನಿಗೆ ಹೇಳಿದರು: "ಅವನಿಗೆ ಬಿಪಿ ಇದೆ ತಾಯಿ. ಏಳು ಗಂಟೆಗೆ ಒಂದು ಮಾತ್ರೆ. ಜೇಬಲ್ಲಿರುತ್ತೆ."

ಆಫೀಸಿನ ಇಬ್ಬರು ಗೆಳೆಯರಿಗೆ ಫೋನು ಮಾಡಿಸಿದರು. ಒಬ್ಬರು ಎತ್ತಲಿಲ್ಲ, ಇನ್ನೊಬ್ಬರು ಊರಲ್ಲಿಲ್ಲ ಎಂದರು. ಆರು ಗಂಟೆಯ ಹೊತ್ತಿಗೆ ರಾಘವನ ಹೇಳಿಕೆ ಬರೆದು ಮುಗಿಯುತ್ತ ಬಂತು. ಹೆಂಡತಿಯ ವಿಷಯ ಜೂನಿನಲ್ಲಿ ಗೊತ್ತಾಯಿತು. ಆಗಸ್ಟಿನಲ್ಲಿ ಫೋನು ಕೊಂಡ. ನಾಲ್ಕು ಭಾನುವಾರ ಅವಳ ಹಿಂದೆ ಹೋದ, ನಾಲ್ಕನೆಯದರಲ್ಲಿ ಸಿಕ್ಕಿತು. ಎಲ್ಲವನ್ನೂ ಕ್ಲೇಮಿನ ಟಿಪ್ಪಣಿ ಓದಿದ ಹಾಗೆ ಒಪ್ಪಿಸಿದ. ಇನ್ಸ್‌ಪೆಕ್ಟರ್ ಒಂದು ಪ್ರಶ್ನೆ ಕೊನೆಗೆ ಇಟ್ಟುಕೊಂಡಿದ್ದರು.

"ನಾಲ್ಕು ತಿಂಗಳು ಒಂದೇ ಮನೇಲಿ, ಒಂದೇ ಕೋಣೇಲಿ ಇದ್ರಿ. ಬಿಡಬೇಕು ಅಂದ್ರೆ ಬಿಡಬಹುದಿತ್ತು. ಹೊಡೆದಾಡಬೇಕು ಅಂದ್ರೆ ಅದನ್ನಾದ್ರೂ ಮಾಡಬಹುದಿತ್ತು. ಒಂದು ಸಲ ಹೆಂಡತೀನೇ ಯಾಕೆ ಕೇಳಲಿಲ್ಲ?"

ರೈಟರ್ ಪೆನ್ನು ಎತ್ತಿ ಕಾದ.

"ಎಷ್ಟೋ ಸಲ ಬಾಯಿವರೆಗೆ ಬಂದಿತ್ತು ಸಾರ್. ಕಾಫಿ ಕೊಡೋವಾಗ, ಬಟ್ಟೆ ಮಡಿಚೋವಾಗ. ಕೇಳಿದ್ರೆ ಅವಳು ಸುಳ್ಳು ಹೇಳೋಳಲ್ಲ. ಹೌದು ಅಂದುಬಿಟ್ಟಿದ್ರೆ ನಾನೇನು ಮಾಡಬೇಕಾಗಿತ್ತು?"

ಉತ್ತರಕ್ಕೆ ಕಾಯುವವನ ಹಾಗೆ ಅವನು ಇನ್ಸ್‌ಪೆಕ್ಟರರ ಮುಖ ನೋಡಿದ. ಅವರು ರೈಟರ್ ಕಡೆ ತಿರುಗಿ, ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಲು ಸನ್ನೆ ಮಾಡಿದರು.